ಒಂದು ಹಿಡಿ ಬೆಣಚು

"ಬುದ್ಧಿ, ಹೊಂದಿಕೊಂಡು ಹೋಗೋದನ್ನ ಒಬ್ಬರಿಗೆ ಕಲಿಸೋದು ಹೇಗೆ?"

ಕೇಳಿದವನು ಗುರುಮಲ್ಲಪ್ಪ. ಮಠದ ಹಳೆಯ ಶಿಷ್ಯ. ಪ್ರತಿ ಸೋಮವಾರ ಬಂದು ಸ್ವಾಮಿಗಳ ಪಾದಕ್ಕೆರಗಿ, ಎದುರಿಗೆ ಕುಳಿತು ಒಂದು ಪ್ರಶ್ನೆ ಕೇಳುವುದು ಅವನ ರೂಢಿ. ಅವನ ಪ್ರಶ್ನೆಗಳು ಸಾಮಾನ್ಯವಾಗಿ ಜೀವ, ಶಿವ, ಮಾಯೆ ಎಂದು ದೊಡ್ಡ ದೊಡ್ಡವೇ ಆಗಿರುತ್ತಿದ್ದವು. ಅಂದು ಮಾತ್ರ ಮನೆಯ ಪ್ರಶ್ನೆ ತಂದಿದ್ದ.

"ಯಾರಿಗೆ ಕಲಿಸಬೇಕು?" ಎಂದರು ಸ್ವಾಮಿಗಳು.

"ನಮ್ಮ ಸೊಸೆಗೆ. ಕೆಟ್ಟವಳು ಅಂತ ನಾನು ಹೇಳಲ್ಲ ಬುದ್ಧಿ. ಬಂದು ಒಂದು ವರ್ಷ ಆಯ್ತು. ಅವರ ಮನೆ ಅಡುಗೆ ಬಿಟ್ಟು ನಮ್ಮ ಮನೆ ರುಚಿ ಕಲಿತಳು. ತವರಿಗೆ ಹಬ್ಬಕ್ಕೆ ಮಾತ್ರ ಹೋಗು ಅಂದ್ವಿ, ಹೂಂ ಅಂದಳು. ಹೊಲಿಗೆ ಮಿಷನ್ ತಂದಿದ್ದಳು. ಅತ್ತೆಗೆ ಆ ಶಬ್ದ ಆಗಲ್ಲ ಅಂದ್ವಿ, ಅಟ್ಟಕ್ಕೆ ಹಾಕಿದಳು. ಇನ್ನು ಒಂದೇ ಒಂದು ಉಳಿದಿದೆ. ನಗ್ತಾಳೆ ಬುದ್ಧಿ. ಜೋರಾಗಿ ನಗ್ತಾಳೆ. ಬೀದಿಗೆ ಕೇಳಿಸುತ್ತೆ. ಅದೊಂದು ಬಿಟ್ಟುಬಿಟ್ಟರೆ ಚಿನ್ನದಂಥ ಹುಡುಗಿ. ನಾಳೆ ಕರ್ಕೊಂಡು ಬರ್ತೀನಿ. ಹೊಂದಿಕೊಂಡು ಹೋಗಮ್ಮ ಅಂತ ನೀವು ಒಂದು ಮಾತು ಹೇಳಿಬಿಡಿ. ನಿಮ್ಮ ಮಾತು ಮೀರಲ್ಲ."

ಸ್ವಾಮಿಗಳಿಗೆ ಸಿಟ್ಟು ಬಂದರೆ ಕತೆ ಹೇಳುವ ಅಭ್ಯಾಸ. ಬೈದರೆ ಎದುರಿನವನು ಮಠದ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆಯುತ್ತಾನೆ. ಕತೆಯನ್ನಾದರೆ ಮನೆಯವರೆಗೂ ಹೊತ್ತುಕೊಂಡು ಹೋಗುತ್ತಾನೆ ಎಂಬುದು ಅವರ ಅನುಭವ. ಗುರುಮಲ್ಲಪ್ಪನಿಗೆ ಇದು ಗೊತ್ತಿರಲಿಲ್ಲ. ತನ್ನ ಮೇಲಿನ ಪ್ರೀತಿಗೆ ಕತೆ ಹೇಳುತ್ತಾರೆ ಎಂದೇ ಅವನು ಇಪ್ಪತ್ತು ವರ್ಷದಿಂದ ತಿಳಿದುಕೊಂಡಿದ್ದ.

"ನಾಳೆಯದು ನಾಳೆಗಿರಲಿ. ಈಗ ಕೇಳು," ಎಂದು ಸ್ವಾಮಿಗಳು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಆ ಊರೆಲ್ಲ ಕುಂಬಾರರೇ. ಉಪ್ಪಿನಕಾಯಿ ಹಾಕಿಡುವ ಜಾಡಿಗಳನ್ನು ಮಾಡುವುದು ಅವರ ಕಸುಬು. ಗಟ್ಟಿ ಮಣ್ಣಿನ ಜಾಡಿ, ಅದರ ಒಳಗೂ ಹೊರಗೂ ಗಾಜಿನಂಥ ಲೇಪ. ಕೆರೆಯ ಮಣ್ಣು ಎಲ್ಲರಿಗೂ ಒಂದೇ. ಜಾಡಿ ಸುಡುವ ಆವಿಗೆಯೂ ಎಲ್ಲರಿಗೂ ಒಂದೇ. ಲೇಪ ಮಾತ್ರ ಅವರವರ ಮನೆಯದು.

ಇವಳ ಲೇಪ ತಾಯಿಯಿಂದ ಬಂದದ್ದು. ಚೌಳು ಮಣ್ಣು, ಹುಣಸೆ ಕಟ್ಟಿಗೆಯ ಬೂದಿ, ಬೆಣಚು ಕಲ್ಲಿನ ಪುಡಿ. ಈ ಮೂರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಜಾಡಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದಳು. ಉಳಿದವರು ಹಾಕುತ್ತಿದ್ದುದೂ ಇವೇ ಮೂರು. ಇವಳದರಲ್ಲಿ ಚೌಳು ಹೆಚ್ಚು, ಬೆಣಚು ಕಡಿಮೆ. ವ್ಯತ್ಯಾಸ ಅಷ್ಟೇ.

ಆ ವ್ಯತ್ಯಾಸ ತಿಳಿಯುತ್ತಿದ್ದುದು ಆವಿಗೆ ತೆಗೆದ ಮೇಲೆ. ಬೇರೆಯವರ ಜಾಡಿಗಳು ಸುಮ್ಮನೆ ತಣಿಯುತ್ತಿದ್ದವು. ಇವಳ ಜಾಡಿಗಳಿಗೆ ಗಾಳಿ ಸೋಕಿದ ಕೂಡಲೇ ಸದ್ದು ಶುರುವಾಗುತ್ತಿತ್ತು. ಮೊದಲು ಒಂದು ಟಿಣ್. ಆಮೇಲೆ ಎರಡು. ಆಮೇಲೆ ಎಲ್ಲ ಜಾಡಿಗಳೂ ಒಟ್ಟಿಗೆ ಟಿಣ್ ಟಿಣ್ ಎನ್ನುತ್ತಿದ್ದವು. ತಣಿಯುವಾಗ ಮಣ್ಣಿಗಿಂತ ಲೇಪ ಹೆಚ್ಚು ಕುಗ್ಗುತ್ತದೆ. ಕುಗ್ಗಿ ಜಾಡಿಯ ಮೈಗೆ ಸಾಲದೆ ಕೂದಲೆಳೆಯಷ್ಟು ಸಣ್ಣಗೆ ಬಿರಿಯುತ್ತದೆ. ಹಾಗೆ ಬಿರಿದು ಬಿರಿದು ಜಾಡಿಯ ಮೈತುಂಬ ಗೆರೆಗಳ ಬಲೆ ಹಬ್ಬುತ್ತಿತ್ತು. ಅವಳು ಅಳಲೆಕಾಯಿ ಕಷಾಯಕ್ಕೆ ಕಬ್ಬಿಣದ ತುಕ್ಕು ಹಾಕಿ ಮಸಿ ಮಾಡಿಟ್ಟುಕೊಂಡಿರುತ್ತಿದ್ದಳು. ಅದನ್ನು ಬಟ್ಟೆಯಲ್ಲಿ ಅದ್ದಿ ಜಾಡಿಗೆ ಉಜ್ಜಿ ಒರೆಸಿದರೆ ಗೆರೆಗಳಲ್ಲಿ ಮಾತ್ರ ಕಪ್ಪು ಉಳಿಯುತ್ತಿತ್ತು. ಎರಡು ಜಾಡಿಗಳ ಗೆರೆ ಒಂದೇ ಥರ ಎಂದೂ ಬರಲಿಲ್ಲ. ಬೆರಳಿನಿಂದ ತಟ್ಟಿದರೆ ಜಾಡಿ ಗಟ್ಟಿ. ನೀರು ತುಂಬಿದರೆ ಒಂದು ಹನಿ ಹೊರಗೆ ಬರುತ್ತಿರಲಿಲ್ಲ.

ಊರಿನ ಜಾಡಿಗಳನ್ನೆಲ್ಲ ಕೊಂಡು ಸಂತೆಗಳಿಗೆ ಸಾಗಿಸುವವನು ಒಬ್ಬ ವರ್ತಕ. ಒಂದು ಸಲ ಅವನು ಇವಳ ಜಾಡಿಯನ್ನು ತಿರುಗಿಸಿ ನೋಡಿ, "ಇದೇನಮ್ಮ, ಎಲ್ಲ ಒಡೆದಿದೆಯಲ್ಲ," ಎಂದ.

"ಒಡೆದಿಲ್ಲ, ಬಿರಿದಿದೆ," ಎಂದಳು ಅವಳು.

"ಎರಡೂ ಒಂದೇ."

"ಮಲ್ಲಿಗೆ ಮೊಗ್ಗು ಬಿರಿದರೆ ಒಡೆದುಹೋಯ್ತು ಅಂತೀರಾ?"

ಉತ್ತರ ಹೊಳೆಯದವರು ಉಪಕಾರ ಮಾಡಲು ಹೊರಡುತ್ತಾರೆ. ವರ್ತಕ ದನಿ ತಗ್ಗಿಸಿ ಹೇಳಿದ: "ನಿನ್ನ ಒಳ್ಳೇದಕ್ಕೆ ಹೇಳ್ತೀನಿ. ಬೇರೆಯವರ ಜಾಡಿ ನೋಡು, ಎಷ್ಟು ನುಣ್ಣಗಿದೆ. ನಿನ್ನ ಲೇಪ ಈ ಊರ ಮಣ್ಣಿಗೆ ಹೊಂದಿಕೊಳ್ತಿಲ್ಲ. ಒಂದು ಹಿಡಿ ಬೆಣಚುಪುಡಿ ಜಾಸ್ತಿ ಹಾಕು. ಒಂದೇ ಒಂದು ಹಿಡಿ."

ಒಂದು ಹಿಡಿ ತಾನೇ ಎಂದುಕೊಂಡು ಅವಳು ಹಾಕಿದಳು. ಗೆರೆಗಳು ಅಲ್ಲೊಂದು ಇಲ್ಲೊಂದಾದವು. ಸದ್ದು ಅರ್ಧ ದಿನ ಇರುತ್ತಿದ್ದುದು ಅರ್ಧ ಗಳಿಗೆಗೆ ಇಳಿಯಿತು. ಬೇರೆ ಏನೂ ಆಗಲಿಲ್ಲ. ಗುರುಮಲ್ಲಪ್ಪ, ಮೊದಲನೆಯ ಹಿಡಿಯ ಕೆಟ್ಟತನ ಇರುವುದೇ ಅಲ್ಲಿ. ಅದರಿಂದ ಏನೂ ಆಗುವುದಿಲ್ಲ.

ಮುಂದಿನ ಸಲ ಪಕ್ಕದ ಮನೆಯ ಕುಂಬಾರರು ಬಂದರು. "ಇಷ್ಟು ಮಾಡಿದ್ದೀಯ. ಇನ್ನೂ ಅಲ್ಲೊಂದು ಇಲ್ಲೊಂದು ಗೆರೆ ಯಾಕೆ ಉಳಿಸ್ಕೊಂಡಿದ್ದೀಯ? ಊರಿನ ಜಾಡಿ ಅಂದ್ರೆ ಎಲ್ಲ ಒಂದೇ ಥರ ಇದ್ದರೆ ಲಕ್ಷಣ. ಇನ್ನೊಂದು ಹಿಡಿ ಹಾಕು," ಎಂದರು. ಆ ಸಲ ಅವಳ ಕೈ ಬೆಣಚಿನ ಬಟ್ಟಲಲ್ಲಿ ಸ್ವಲ್ಪ ಹೊತ್ತು ನಿಂತಿತು. ಅಕ್ಕಪಕ್ಕದವರ ಮಾತು ಮೀರಿ ಬದುಕುವುದು ಹೇಗೆ ಎಂದುಕೊಂಡು ಹಾಕಿದಳು. ಗೆರೆಗಳು ಹೋದವು. ಕುತ್ತಿಗೆಯ ಹತ್ತಿರ ಎರಡೋ ಮೂರೋ ಉಳಿದವು. ಸದ್ದು ಒಂದೇ ಒಂದು ಟಿಣ್‌ಗೆ ಮುಗಿಯಿತು.

ಆ ಒಂದು ಸದ್ದೂ ಕುಲದ ಯಜಮಾನನಿಗೆ ಆಗಿಬರಲಿಲ್ಲ. "ಮನೆಯಲ್ಲಿ ಪಾತ್ರೆ ಬಾಯಿಬಿಡೋದು ಶುಭ ಅಲ್ಲ ಕಣಮ್ಮ," ಎಂದು ಅವನು ಆವಿಗೆಯ ಬಳಿ ನಿಂತು ಹೇಳಿದ. ಶುಭ ಯಾವುದು, ಅಶುಭ ಯಾವುದು ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದರೋ ತಿಳಿಯದು. ಅಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಮೂರನೆಯ ಹಿಡಿಯನ್ನೂ ಹಾಕಿದಳು.

ಈಗ ಜಾಡಿ ಕನ್ನಡಿಯಷ್ಟು ನುಣುಪಾಯಿತು. ಆವಿಗೆ ತೆಗೆದರೆ ಒಂದು ಸದ್ದಿಲ್ಲ. ವರ್ತಕ ಮೆಚ್ಚಿದ. ಅಕ್ಕಪಕ್ಕದವರು ಮೆಚ್ಚಿದರು. ಯಜಮಾನ, "ನೋಡು, ಈಗ ಹೊಂದಿಕೊಂಡಿತು," ಎಂದ. ಜಾಡಿಯ ಜೊತೆಗೆ ಅವಳಿಗೂ ಒಳ್ಳೆಯ ಹೆಸರು ಬಂತು. ಮೊದಲು ಸ್ವಲ್ಪ ಹಟಮಾರಿ, ಈಗ ಪರವಾಗಿಲ್ಲ ಎಂದು ಹೆಂಗಸರು ಮಾತಾಡಿಕೊಂಡರು. ಅಳಲೆಕಾಯಿ ಮಸಿಗೆ ಕೆಲಸವಿರಲಿಲ್ಲ. ಅದು ಕುಡಿಕೆಯಲ್ಲೇ ಒಣಗಿಹೋಯಿತು. ಅವಳು ಆವಿಗೆಯ ಮುಂದೆ ಕುಳಿತು ಕಿವಿಗೊಡುವುದನ್ನು ಬಿಟ್ಟಳು.

ಆ ಜಾಡಿಗಳು ಸುತ್ತಲಿನ ಮನೆಗಳಿಗೆ ಹೋದವು. ಹೆಂಗಸರು ಅವುಗಳಲ್ಲಿ ವರ್ಷದ ಉಪ್ಪಿನಕಾಯಿ ತುಂಬಿದರು. ಪುಷ್ಯ ಮಾಸದ ಚಳಿ ಬಂತು. ಒಂದು ಬೆಳಗ್ಗೆ ಒಂದು ಮನೆಯ ಅಡುಗೆಮನೆಯಲ್ಲಿ ಒಂದು ಜಾಡಿ ಫಟ್ ಎಂದು ಕುತ್ತಿಗೆಯಿಂದ ಬುಡದವರೆಗೆ ಸೀಳಿತು. ಯಾರೂ ಮುಟ್ಟಿರಲಿಲ್ಲ. ಎಣ್ಣೆ, ಖಾರ, ನಿಂಬೆಹೋಳು ಎಲ್ಲ ನೆಲಕ್ಕೆ ಹರಿಯಿತು. ಮರುದಿನ ಇನ್ನೊಂದು ಮನೆಯಲ್ಲಿ. ಆ ತಿಂಗಳು ಮುಗಿಯುವುದರೊಳಗೆ ಹನ್ನೊಂದು ಮನೆಗಳಲ್ಲಿ ಹನ್ನೊಂದು ಜಾಡಿ ಸೀಳಿದವು. ಎಲ್ಲವೂ ಇವಳವೇ.

ಊರವರು ಆವಿಗೆಯ ಮುಂದೆ ಸೇರಿ ಅವಳನ್ನು ಕರೆಸಿದರು. ಒಡೆದ ಜಾಡಿಗಳ ಚೂರುಗಳನ್ನು ತಂದು ರಾಶಿ ಹಾಕಿದ್ದರು. ವರ್ತಕ ಕೂಗಾಡಿದ. ಯಜಮಾನ ಎಲ್ಲರನ್ನೂ ಸುಮ್ಮನಿರಿಸಿ ತೀರ್ಪು ಕೊಟ್ಟ. ಆ ತೀರ್ಪನ್ನು ಸರಿಯಾಗಿ ಕೇಳಿಸಿಕೋ, ಗುರುಮಲ್ಲಪ್ಪ.

"ನಿನ್ನ ಲೇಪ ಇನ್ನೂ ಪೂರ್ತಿ ಹೊಂದಿಕೊಂಡಿಲ್ಲ. ಅದಕ್ಕೇ ಹೀಗಾಯ್ತು. ಇನ್ನೊಂದು ಹಿಡಿ ಬೆಣಚು ಹಾಕು. ಹಾಕಲ್ಲ ಅಂದ್ರೆ ನಾಳೆಯಿಂದ ನಿನಗೆ ಕೆರೆ ಮಣ್ಣಿಲ್ಲ, ಈ ಆವಿಗೆಯಲ್ಲಿ ಜಾಗ ಇಲ್ಲ."

ಮಣ್ಣಿಲ್ಲದೆ, ಆವಿಗೆಯಿಲ್ಲದೆ ಕುಂಬಾರಗಿತ್ತಿ ಬದುಕುವುದು ಹೇಗೆ? ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅವಳು ಹೂಂ ಅನ್ನುತ್ತಾಳೆ ಎಂದೇ ಎಲ್ಲರೂ ಕಾದರು. ಮೂರು ಸಲ ಅಂದವಳು ನಾಲ್ಕನೆಯ ಸಲ ಅನ್ನದಿರುತ್ತಾಳೆಯೇ?

ಅವಳು ರಾಶಿಯಿಂದ ಒಂದು ದೊಡ್ಡ ಚೂರು ಎತ್ತಿಕೊಂಡು ಯಜಮಾನನ ಮುಖದ ಮುಂದೆ ಹಿಡಿದಳು.

"ನೋಡಿ ಯಜಮಾನರೇ. ಲೇಪದ ಮೇಲೆ ಒಂದು ಗೆರೆ ಇದೆಯಾ? ಇಲ್ಲ. ನೀವು ಹೇಳಿದ ಹಾಗೇ ನುಣ್ಣಗಿದೆ. ಸೀಳಿರೋದು ಜಾಡಿ. ಮೊದಲು ಈ ಲೇಪ ತನ್ನ ಪಾಡಿಗೆ ತಾನು ಬಿರೀತಿತ್ತು. ನಾಲ್ಕು ಜನಕ್ಕೆ ಕೇಳೋ ಹಾಗೆ ಸದ್ದು ಮಾಡಿ ಹಗುರ ಆಗ್ತಿತ್ತು. ನೀವೆಲ್ಲ ಸೇರಿ ಅದರ ಬಾಯಿ ಕಟ್ಟಿದ್ರಿ. ಬೆಣಚು ಹಾಕಿಸಿ ಹಾಕಿಸಿ, ಮಣ್ಣು ಕುಗ್ಗಿದರೂ ಅದು ಕುಗ್ಗದ ಹಾಗೆ ಮಾಡಿದ್ರಿ. ಹೊರಗೆ ನುಣ್ಣಗೆ ಕಂಡ್ಕೊಂಡು ಒಳಗೊಳಗೇ ತಳ್ತಾ ಇತ್ತು. ತಳ್ಳಿ ತಳ್ಳಿ ಜಾಡಿನೇ ಸೀಳಿ ಹಾಕಿತು. ಹೊಂದಿಕೊಳ್ಳದೆ ಒಡೆದದ್ದಲ್ಲ ಇದು. ಹೊಂದಿಕೊಂಡು ಹೊಂದಿಕೊಂಡು ಒಡೆದದ್ದು."

"ಹಾಗಾದರೆ ತಪ್ಪು ನಮ್ಮದಾ?" ಎಂದು ಯಜಮಾನ ಗದರಿದ.

"ಹೇಳಿದ್ದು ನೀವು, ಹಾಕಿದ್ದು ನಾನು. ಎರಡನೇ ಹಿಡಿಗೇ ನನ್ನ ಕೈ ತಡೆದಿತ್ತು. ಕೈ ಮಾತು ಬಿಟ್ಟು ನಿಮ್ಮ ಮಾತು ಕೇಳಿದೆ. ಅದು ನನ್ನ ತಪ್ಪು. ಹನ್ನೊಂದು ಮನೆಗೂ ಹೊಸ ಜಾಡಿ ಮಾಡಿಕೊಡ್ತೀನಿ. ನಮ್ಮವ್ವನ ಲೇಪದಲ್ಲೇ ಮಾಡ್ತೀನಿ. ನಾಲ್ಕನೇ ಹಿಡಿ ಹಾಕಲ್ಲ."

ಹಾಗೆಂದವಳೇ ಮನೆಗೆ ಹೋಗಿ ಬೆಣಚುಪುಡಿಯ ಬುಟ್ಟಿಯನ್ನು ಹೊತ್ತು ತಂದಳು. ತನ್ನ ಲೇಪಕ್ಕೆ ಬೇಕಾದಷ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು, ಉಳಿದದ್ದನ್ನು ಯಜಮಾನನ ಕಾಲ ಬಳಿ ಸುರಿದಳು. "ಅಷ್ಟು ಒಳ್ಳೇದಾದರೆ ಇದನ್ನ ನೀವೇ ಮೈಗೆ ಮೆತ್ತಿಕೊಳ್ಳಿ," ಎಂದು ಹೊರಟುಬಿಟ್ಟಳು.

ಊರ ಹೊರಗೆ ಅಗಸರ ಚೌಳು ನೆಲವಿತ್ತು. ಬಟ್ಟೆ ಒಗೆಯಲು ಅವರು ಅಲ್ಲಿಂದಲೇ ಚೌಳು ತೆಗೆಯುತ್ತಿದ್ದರು. ಇವಳೂ ಲೇಪಕ್ಕೆ ಅಲ್ಲಿಂದಲೇ ತರುತ್ತಿದ್ದಳು. ಅಗಸರ ಮುದುಕಿಯೊಬ್ಬಳು, "ನಮ್ಮ ಹಳ್ಳದಲ್ಲೂ ಜೇಡಿಮಣ್ಣು ಇದೆ, ಬೇಕಾದರೆ ತಗೋ," ಎಂದಳು. ಕುಂಬಾರಗಿತ್ತಿ ಅಲ್ಲೇ ಎದೆಯೆತ್ತರದ ಆವಿಗೆ ಕಟ್ಟಿದಳು. ಮಣ್ಣು ಹೊಸದು, ಆವಿಗೆ ಹೊಸದು. ಮೊದಲ ಸಲ ಲೇಪ ಕರಗಿ ಬುಡಕ್ಕೆ ಹರಿದು ಜಾಡಿಗಳು ಒಂದಕ್ಕೊಂದು ಅಂಟಿಕೊಂಡವು. ಎರಡನೆಯ ಸಲ ಗೆರೆ ಸಾಲದಾಯಿತು. ಆ ಸಂಜೆ ಅವಳು ಅತ್ತಳು. ಮರುದಿನ ಎದ್ದು ಮತ್ತೆ ಚೌಳು ಅರೆಯಲು ಕುಳಿತಳು.

ಮೂರನೆಯ ಸಲ, ಬೆಂಕಿ ಆರಿದ ಮರುದಿನ ಮಧ್ಯಾಹ್ನ, ಆವಿಗೆಯ ಗೋಡೆಗೆ ನೀರು ಚಿಮುಕಿಸಿದಳು. ಚುರ್ ಎನ್ನಲಿಲ್ಲ, ತೆಗೆಯುವಷ್ಟು ತಣಿದಿತ್ತು. ಬಾಯಿಗೆ ಮುಚ್ಚಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದಳು. ಗಾಳಿ ಒಳಗೆ ಹೋಯಿತು. ಮೊದಲು ಒಂದು ಟಿಣ್. ಆಮೇಲೆ ಎರಡು. ಆಮೇಲೆ ಹನ್ನೊಂದು ಜಾಡಿಗಳೂ ಒಟ್ಟಿಗೆ ಶುರು ಮಾಡಿದವು. ಅವಳು ಆವಿಗೆಯ ಮುಂದೆ ಕುಳಿತು, ಎಷ್ಟೋ ದಿನದ ಮೇಲೆ ಕಿವಿಗೊಟ್ಟಳು. ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ಬಂದು ಸುತ್ತ ನಿಂತರು.

ಅಂದು ಗಾಳಿ ಊರ ಕಡೆಗೆ ಬೀಸುತ್ತಿತ್ತು. ಸದ್ದು ಯಜಮಾನನ ಜಗುಲಿಯವರೆಗೂ ಹೋಯಿತು. ಅವನು ದಾಪುಗಾಲು ಹಾಕುತ್ತ ಬಂದ. ಹಿಂದೆ ಅರ್ಧ ಊರು ಬಂತು.

"ನಿಲ್ಲಿಸೇ ಈ ಸದ್ದನ್ನ!" ಎಂದು ಕೂಗಿದ.

ಅವಳು ಎದ್ದು ನಿಂತಳು. ಮುಖಕ್ಕೆಲ್ಲ ಬೂದಿ ಹತ್ತಿತ್ತು.

"ನಿಲ್ಲಿಸೋದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು ಯಜಮಾನರೇ. ಈ ಊರಲ್ಲಿ ನನ್ನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ. ನಿಲ್ಲಿಸಲ್ಲ."

ಯಜಮಾನ ಇನ್ನೂ ಏನೇನೋ ಅಂದ. ಜಾಡಿಗಳ ಸದ್ದಿನಲ್ಲಿ ಅದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಸಂಜೆಯವರೆಗೂ ಜಾಡಿಗಳು ಬಿರಿಯುತ್ತಲೇ ಇದ್ದವು.

ಅವಳು ಹೊಸದಾಗಿ ಮಸಿ ಕಾಯಿಸಿ, ಜಾಡಿಗಳಿಗೆ ಉಜ್ಜಿ, ತಲೆಯ ಮೇಲೆ ಹೊತ್ತು ಹನ್ನೊಂದು ಮನೆಗಳಿಗೂ ಹೋದಳು. ಏಳು ಮನೆಯವರು ತೆಗೆದುಕೊಂಡರು. ನಾಲ್ಕು ಮನೆಯವರು ಬಾಗಿಲಿನಿಂದಲೇ ವಾಪಸು ಕಳಿಸಿದರು. ಆಮೇಲೆ ಊರವರಿಗೆಲ್ಲ ಅರಿವಾಗಿ ಬಂದು ಅವಳ ಕಾಲಿಗೆ ಬಿದ್ದರು ಎಂದು ಹೇಳಿದರೆ ನಿನಗೆ ಖುಷಿಯಾಗುತ್ತದೆ. ಆದರೆ ಹಾಗೇನೂ ಆಗಲಿಲ್ಲ. ಅವರು ಅವಳನ್ನು ಹಳೆಯ ಆವಿಗೆಗೆ ಮತ್ತೆ ಕರೆಯಲಿಲ್ಲ. ಅವಳೂ ಕೇಳಲಿಲ್ಲ. ಮುಂದಿನ ಪುಷ್ಯ ಬಂತು, ಹೋಯಿತು. ಏಳು ಜಾಡಿಗಳೂ ಗಟ್ಟಿಯಾಗಿ ಉಳಿದವು. ಅದರ ಮುಂದಿನ ವರ್ಷ ಆ ನಾಲ್ಕು ಮನೆಗಳಲ್ಲಿ ಎರಡು ಮನೆಯ ಹೆಂಗಸರು ಅಗಸರ ಹಳ್ಳದ ದಾರಿ ಹಿಡಿದು ಬಂದರು. ಉಳಿದಿಬ್ಬರು ಬರಲೇ ಇಲ್ಲ. ಅವರಿಗಾಗಿ ಅವಳು ಲೇಪದಲ್ಲಿ ಏನನ್ನೂ ಬದಲಿಸಲಿಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿದರು.

ಗುರುಮಲ್ಲಪ್ಪ ತಲೆದೂಗಿದ. ಅವನ ಕಣ್ಣು ಸ್ವಲ್ಪ ಒದ್ದೆಯಾಗಿತ್ತು. "ಎಂಥಾ ಗಟ್ಟಿಗಿತ್ತಿ ಬುದ್ಧಿ! ಆ ಯಜಮಾನನಿಗೆ ಸರಿಯಾಗಿ ಹೇಳಿದಳು. ಎಲ್ಲ ತಾನೇ ಮಾಡಿಸಿ ಕೊನೆಗೆ ಅವಳದೇ ತಪ್ಪು ಅಂದನಲ್ಲ, ಎಂಥಾ ಮನುಷ್ಯ ಅವನು!" ಎಂದ.



ಗುರುಮಲ್ಲಪ್ಪ ಕಣ್ಣೊರೆಸಿಕೊಂಡು, ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದ. ಮತ್ತೊಮ್ಮೆ ಪಾದ ಮುಟ್ಟಿ ಕೇಳಿದ: "ಸರಿ ಬುದ್ಧಿ, ನಾಳೆ ಸೊಸೇನ ಎಷ್ಟು ಹೊತ್ತಿಗೆ ಕರ್ಕೊಂಡು ಬರ್ಲಿ?"

"ಅವಳು ಬರೋದು ಬೇಡ ಗುರುಮಲ್ಲಪ್ಪ, ನೀನೇ ಮನೆಗೆ ಹೋಗಿ ಅವಳನ್ನ ಕೇಳು, ಆ ನಗು ಬಿಡೋದು ಎಷ್ಟನೇ ಹಿಡಿ ಅಂತ."